ಬಾವಿ ನೀರು ಕೆಂಪಾಗಿದ್ದು ತೋರಿಸಿ ಹೆದರಿಸಿ ಹೋದ್ರು, ಆರ್‌ಒ ತಗೊಳ್ಳೋದಾ ಬೇಡ್ವಾ?

ಬಾವಿಕಟ್ಟೆ
ಎಲ್ಲರಿಗೂ ನಮಸ್ಕಾರ. ನಾವು ಕೊಡಗಿನ ಮಾದಾಪುರದ ಹತ್ರ ಇರೋದು, ಮೂರೂವರೆ ಎಕರೆ ಕಾಫಿ, ಮನೆ ಹಿಂದೇನೇ ಬಾವಿ. ನಾನು ಮದುವೆಯಾಗಿ ಬಂದು 11 ವರ್ಷ ಆಯ್ತು, ಅವತ್ತಿಂದ ಅದೇ ನೀರು. ಮೊನ್ನೆ ಭಾನುವಾರ ಫಿಲ್ಟರ್ ಕಂಪನಿಯವರು ಅಂತ ಇಬ್ಬರು ಹುಡುಗರು ಬಂದ್ರು. ಜಗಲಿ ಮೇಲೆ ಎರಡು ಗ್ಲಾಸ್ ಇಟ್ಟು ಒಂದಕ್ಕೆ ನಮ್ಮ ಬಾವಿ ನೀರು, ಇನ್ನೊಂದಕ್ಕೆ ಅವರೇ ತಂದ ಬಾಟ್ಲಿ ನೀರು ಹಾಕಿ, ಕಡ್ಡಿ ಕಡ್ಡಿ ಇರೋ ಒಂದು ಸಾಮಾನು ಇಳಿಸಿ ಸ್ವಿಚ್ ಹಾಕಿದ್ರು. ಐದು ನಿಮಿಷದಲ್ಲಿ ನಮ್ಮ ನೀರು ಚಹಾ ಡಿಕಾಕ್ಷನ್ ತರ ಕೆಂಪಗಾಯ್ತು, ಮೇಲೆ ಹಸಿರು ನೊರೆ. ಅವರ ನೀರು ಹಾಗೇ ಇತ್ತು. ಅತ್ತೆ ನೋಡಿ ಅಲ್ಲೇ ಕೂತುಬಿಟ್ರು. ಅವತ್ತಿಂದ ಬಾವಿ ನೀರು ಬಾಯಿಗೆ ಹಾಕ್ತಿಲ್ಲ, ಅಂಗಡಿ ಕ್ಯಾನ್ ತರಿಸ್ತಿದ್ದಾರೆ. ಮಗ ಒಂದನೇ ಕ್ಲಾಸು, ಹೋದ ವರ್ಷ ಮಳೇಲಿ ಎರಡು ಸಲ ಬೇಧಿ ಆಗಿತ್ತು, ಅದನ್ನೂ ಅತ್ತೆ ಅವರ ಮುಂದೆ ಹೇಳಿದ್ರು, ಆಮೇಲೆ ಅವರು ಬಿಡ್ಲೇ ಇಲ್ಲ. ಆರ್‌ಒ ಮಷೀನು 17,500, ಕಂತಲ್ಲೂ ಕೊಡ್ತಾರಂತೆ. ಬುಧವಾರ ಮತ್ತೆ ಬರ್ತೀವಿ ಅಂದಿದ್ದಾರೆ. ತಗೊಳ್ಳೋದಾ? ನಿಜವಾಗ್ಲೂ ನಮ್ಮ ನೀರು ಅಷ್ಟು ಕೆಟ್ಟಿದ್ಯಾ?

ಕಾಳುಮೆಣಸು
ಬೇಡ ಅಕ್ಕ. ದುಡ್ಡು ದಂಡ.

ಹೋಂಸ್ಟೇಮನೆ
ನಾವು ಹಾಕ್ಸಿದ್ದೀವಿ, ನಾಲ್ಕು ವರ್ಷ ಆಯ್ತು, ಗೆಸ್ಟ್‌ಗಳಿಗೆ ಧೈರ್ಯ ಬರತ್ತೆ. ಮಗು ಇರೋ ಮನೆ, ಹಾಕ್ಸಿಬಿಡಿ.

ಪಿಯುಸಿ ಮೇಷ್ಟ್ರು
ಬಾವಿಕಟ್ಟೆಯವರೇ, ಮೊದಲು ನಿಮ್ಮ ಅತ್ತೆಯವರಿಗೆ ಸಮಾಧಾನ ಹೇಳಿ. ಆ ಕಡ್ಡಿಗಳಲ್ಲಿ ಕಬ್ಬಿಣದ್ದೂ ಅಲ್ಯೂಮಿನಿಯಂದೂ ಇರತ್ತೆ. ಕರೆಂಟ್ ಹರಿದಾಗ ಕಬ್ಬಿಣದ ಕಡ್ಡಿ ತಾನೇ ಕರಗಿ ತುಕ್ಕಾಗಿ ನೀರಿಗೆ ಬರತ್ತೆ. ನೀವು ನೋಡಿದ ಬಣ್ಣ ಕಡ್ಡಿಯದು, ಬಾವಿಯದಲ್ಲ. ಅವರ ಬಾಟ್ಲಿ ನೀರಲ್ಲಿ ಲವಣ ತೆಗೆದುಬಿಟ್ಟಿರೋದ್ರಿಂದ ಕರೆಂಟ್ ಸರಿಯಾಗಿ ಹರಿಯಲ್ಲ, ಅದಕ್ಕೇ ಅದು ತಿಳಿಯಾಗೇ ಉಳಿತು. ಬುಧವಾರ ಬಂದಾಗ ಅವರ ಬಾಟ್ಲಿ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಸ್ವಿಚ್ ಹಾಕೋಕೆ ಹೇಳಿ. ನಿಮ್ಮ ಬಾವಿ ನೀರಿಗಿಂತ ಗಾಢವಾಗಿ ಬಣ್ಣ ಬರತ್ತೆ. ಕಾಲೇಜಲ್ಲಿ ಪ್ರತಿ ವರ್ಷ ಮಕ್ಕಳಿಗೆ ಇದನ್ನ ಮಾಡಿ ತೋರಿಸ್ತೀನಿ.

ಆದ್ರೆ ಇದರಿಂದ ನಿಮ್ಮ ನೀರು ಒಳ್ಳೇದು ಅಂತ ಆಗಲಿಲ್ಲ. ಆ ಆಟದಿಂದ ಒಳ್ಳೇದೂ ಗೊತ್ತಾಗಲ್ಲ, ಕೆಟ್ಟದ್ದೂ ಗೊತ್ತಾಗಲ್ಲ. ಮಗುಗೆ ಬೇಧಿ ಆಗಿದೆ ಅಂದ್ರಲ್ಲ, ನನಗೆ ಚಿಂತೆ ಇರೋದು ಅದರ ಬಗ್ಗೆ.

ಮಳೆಲೆಕ್ಕ
ನಮ್ಮಜ್ಜ 92 ವರ್ಷ ಬದುಕಿದ್ರು, ಕೊಲ್ಲಿ ನೀರು, ಅಂದ್ರೆ ಬೆಟ್ಟದ ತೊರೆ ನೀರು ಕುಡಿದೇ. ಬೆಟ್ಟದಿಂದ ಬರೋ ಒರತೆ ನೀರಿಗೆ ಮಷೀನ್ ಇಡ್ತೀರಾ. ಕಾವೇರಿ ಹುಟ್ಟೋ ನಾಡಲ್ಲಿ ಕ್ಯಾನ್ ನೀರು ತಗೊಂಡು ಕುಡಿಯೋ ಕಾಲ ಬಂತಲ್ಲ ಅಂತ ನನಗೆ ನಿಜವಾಗ್ಲೂ ಸಂಕಟ ಆಗತ್ತೆ.

ದಾದಿಯಕ್ಕ
ಮಳೆಲೆಕ್ಕ ಅಣ್ಣ, ಅಜ್ಜ 92 ಬದುಕಿದ್ರು ಸಂತೋಷ. ಅವರ ಜೊತೆ ಹುಟ್ಟಿದವರು ಎಷ್ಟು ಜನ, ಐದು ವರ್ಷ ದಾಟಿದವರು ಎಷ್ಟು ಜನ ಅಂತ ಮನೇಲಿ ಹಿರಿಯರನ್ನ ಕೇಳಿ ನೋಡಿ. ನಮ್ಮಜ್ಜಿಗೆ ಒಂಬತ್ತು ಹೆರಿಗೆ, ಉಳಿದಿದ್ದು ಐದು. ಹೋದವರಲ್ಲಿ ಇಬ್ಬರು ಮಳೆಗಾಲದ ಬೇಧಿಗೆ ಹೋದವರು. ಆಸ್ಪತ್ರೇಲಿ 19 ವರ್ಷ ಕೆಲಸ ಮಾಡಿದ್ದೀನಿ, ಜೂನ್ ಎರಡನೇ ವಾರದಿಂದ ಬೇಧಿ, ಟೈಫಾಯ್ಡ್, ಕಾಮಾಲೆ ಒಂದರ ಹಿಂದೆ ಒಂದು ಬರತ್ತೆ, ಬರೋವರಲ್ಲಿ ಅರ್ಧ ಜನ "ನಮ್ಮದು ಬೆಟ್ಟದ ನೀರು ಸಿಸ್ಟರ್, ಏನೂ ಆಗಲ್ಲ" ಅನ್ನೋರೇ.

ನೋಡೋಕೆ ಕನ್ನಡಿ ತರ ಇರೋ ನೀರಲ್ಲೂ ರೋಗಾಣು ಇರತ್ತೆ. ಮೇಲಿನ ದಿಣ್ಣೇಲಿ ದನ ಮೇಯತ್ತೆ, ಹಂದಿ ಓಡಾಡತ್ತೆ, ಯಾರದೋ ಶೌಚದ ಗುಂಡಿ ಇರತ್ತೆ, ಮೊದಲ ದೊಡ್ಡ ಮಳೆಗೆ ಎಲ್ಲ ಕೆಳಗೆ ಇಳಿಯತ್ತೆ.

ಮಳೆಲೆಕ್ಕ
ನೀವು ಹೇಳೋದು ಸುಳ್ಳು ಅನ್ನಲ್ಲ ದಾದಿಯಕ್ಕ. ನಮ್ಮಪ್ಪನ ತಂಗಿ ಒಬ್ಬರು ಹಾಗೇ ಹೋಗಿದ್ದು. ಆಗ ಯಾರೂ ನೀರಿನ ಮೇಲೆ ಹಾಕಲಿಲ್ಲ, ದೃಷ್ಟಿ ಅಂದ್ರು.

ಫಿಲ್ಟರ್ ರಿಪೇರಿ
ನಾನು ಇದೇ ಕೆಲಸ ಮಾಡೋನು, ಸುಂಟಿಕೊಪ್ಪದಿಂದ ಸೋಮವಾರಪೇಟೆ ತನಕ ಸರ್ವೀಸಿಗೆ ಹೋಗ್ತೀನಿ. ಹೊಟ್ಟೆಪಾಡಿನ ವಿಷಯ ಆದ್ರೂ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನಮ್ಮ ಕಡೆ ಬಾವಿ, ಒರತೆ ನೀರಿನ ಟಿಡಿಎಸ್ ಮೀಟರಲ್ಲಿ 30, 50, 80 ಹೀಗೆ ಬರತ್ತೆ. ಟಿಡಿಎಸ್ ಅಂದ್ರೆ ನೀರಲ್ಲಿ ಕರಗಿರೋ ಲವಣ, ರೋಗಾಣು ಅಲ್ಲ. ಕುಡಿಯೋ ನೀರಿಗೆ ಐಎಸ್ 10500 ಅಂತ ಮಾನದಂಡ ಇದೆ, ಅದರಲ್ಲಿ ಲೀಟರಿಗೆ 500 ಮಿಲಿಗ್ರಾಂ ತನಕ ಸ್ವೀಕಾರ, ಬೇರೆ ನೀರೇ ಇಲ್ಲದ ಕಡೆ 2,000 ತನಕ. ಆರ್‌ಒ ಕೆಲಸ ಲವಣ ತೆಗೆಯೋದು, ಅದು ಇರೋದು ಉಪ್ಪು ನೀರಿನ ಊರಿಗೆ. 2019ರಲ್ಲಿ ಹಸಿರು ನ್ಯಾಯಮಂಡಳಿನೇ 500ಕ್ಕಿಂತ ಕಡಿಮೆ ಇರೋ ಕಡೆ ಆರ್‌ಒ ನಿಷೇಧ ಮಾಡಿ ಅಂತ ಪರಿಸರ ಸಚಿವಾಲಯಕ್ಕೆ ಹೇಳಿತ್ತು. 40 ಇರೋ ನೀರಿಗೆ ಆರ್‌ಒ ಹಾಕಿದ್ರೆ ಒಂದು ಲೀಟರ್ ಕುಡಿಯೋಕೆ ಸುಮಾರು ಮೂರು ಲೀಟರ್ ಚರಂಡಿಗೆ ಹೋಗತ್ತೆ, ನೀರು ಸಪ್ಪೆ ಆಗತ್ತೆ.

ಇನ್ನೊಂದು, ಮಳೆಗಾಲದಲ್ಲಿ ರಾಡಿ ನೀರು ಬಂದ್ರೆ ಬಿಳಿ ದಾರದ ಸ್ಪನ್ ಫಿಲ್ಟರ್ 15 ದಿನಕ್ಕೆ ಇಟ್ಟಿಗೆ ಬಣ್ಣ ಆಗತ್ತೆ. ಜನ ಅದನ್ನ ವರ್ಷಗಟ್ಟಲೆ ಬದಲಾಯಿಸಲ್ಲ. ಕಳೆದ ವರ್ಷ ಒಂದು ಮನೇಲಿ ಬಿಚ್ಚಿದಾಗ ಒಳಗೆ ಲೋಳೆ ಕಟ್ಟಿ ವಾಸನೆ ಬರ್ತಿತ್ತು, ಅದೇ ನೀರನ್ನ ಫಿಲ್ಟರ್ ನೀರು ಅಂತ ಕೂಸಿಗೆ ಕೊಡ್ತಿದ್ರು.

ಕಾಳುಮೆಣಸು
ಹಾಗಾದ್ರೆ ಯುವಿ ಸಾಕಲ್ವಾ ಅಣ್ಣ?

ಫಿಲ್ಟರ್ ರಿಪೇರಿ
ಯುವಿ ಅಂದ್ರೆ ಅತಿನೇರಳೆ ಬೆಳಕು, ಅದು ರೋಗಾಣು ಸಾಯಿಸತ್ತೆ, ಆದ್ರೆ ನೀರು ತಿಳಿ ಇರ್ಬೇಕು. ರಾಡಿ ಇದ್ರೆ ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಉಳ್ಕೊಳ್ಳತ್ತೆ. ಮತ್ತೆ ಕರೆಂಟ್ ಬೇಕು.

ನಾಪೋಕ್ಲು ಗದ್ದೆ
ಕರೆಂಟ್!! ನಮ್ಮಲ್ಲಿ ಜುಲೈಯಲ್ಲಿ ಮರ ಬಿದ್ದು ಲೈನ್ ಹೋದ್ರೆ ಒಂದು ವಾರ, ಹತ್ತು ದಿನ. ನೀರು ಅತೀ ಹೆಚ್ಚು ಕೆಟ್ಟಿರೋ ದಿನಗಳಲ್ಲೇ ಮಷೀನ್ ಸತ್ತು ಕೂತಿರತ್ತೆ, ಯಾವ ಸೇಲ್ಸ್‌ನವರೂ ಇದನ್ನ ಹೇಳಲ್ಲ. ನಾವು ಯುವಿ ತೆಗೆದು ಕರೆಂಟ್ ಬೇಡದ ಯುಎಫ್, ಅಂದ್ರೆ ತೀರಾ ಸಣ್ಣ ರಂಧ್ರದ ಪೊರೆಯಿಂದ ಸೋಸೋ ಫಿಲ್ಟರ್ ಹಾಕಿದ್ವಿ, ಮೇಲಿನ ಡಬ್ಬಕ್ಕೆ ಸುರಿದ್ರೆ ತಾನೇ ಇಳಿಯತ್ತೆ. ಆದ್ರೂ ಮಳೆ ಮೂರು ತಿಂಗಳು ಕುದಿಸಿಯೇ ಕುಡಿಯೋದು. ಬಚ್ಚಲ ಒಲೆ ಹೇಗೂ ಉರೀತಿರತ್ತೆ.

ಕುಶಾಲನಗರದವ
ಎಲ್ಲರೂ ಆರ್‌ಒ ಬೈತಿದ್ದೀರಿ, ನಮ್ಮ ಲೇಔಟ್ ಬೋರ್ ನೀರು ಬಂದು ನೋಡಿ. ಟಿಡಿಎಸ್ 680, ಗಡಸುತನ ಎಷ್ಟಂದ್ರೆ ಪಾತ್ರೆ ತಳದಲ್ಲಿ ಸುಣ್ಣ ಕಟ್ಟತ್ತೆ, ಬೇಳೆ ಬೇಯಲ್ಲ. ಕುದಿಸಿದ್ರೆ ಸ್ವಲ್ಪ ಸುಣ್ಣ ತಳಕ್ಕೆ ಕೂರತ್ತೆ ಅಷ್ಟೇ, ಉಳಿದ ಲವಣ ಹೋಗಲ್ಲ. ನಮಗೆ ಆರ್‌ಒ ಬೇಕೇ ಬೇಕು. ಮಾದಾಪುರದ ಲೆಕ್ಕ ನಮಗೆ ಹಾಕ್ಬೇಡಿ. ನಾವು ಬಿಟ್ಟು ಹೋಗೋ ನೀರನ್ನ ಬಕೆಟ್ಟಲ್ಲಿ ಹಿಡಿದು ನೆಲ ಒರೆಸೋಕೆ ಬಳಸ್ತೀವಿ.

ಫಿಲ್ಟರ್ ರಿಪೇರಿ
ಅದು ಸರಿ ಸರ್, ನಿಮಗೆ ಬೇಕು. ಬೈಲು ಕಡೆ ಬೋರ್ ನೀರೇ ಬೇರೆ.

ಪಿಯುಸಿ ಮೇಷ್ಟ್ರು
ಇದೇ ನಾನು ಹೇಳೋದು, ಅವರವರ ನೀರು ನೋಡದೆ ಮಷೀನ್ ಮಾತು ಬೇಡ. ಬಾವಿಕಟ್ಟೆಯವರೇ, ನಿಮ್ಮ ಪಂಚಾಯ್ತಿಲಿ ಫೀಲ್ಡ್ ಟೆಸ್ಟ್ ಕಿಟ್ ಇದೆಯಾ ಕೇಳಿ. ಜಲ ಜೀವನ್ ಮಿಷನ್ ಅಡಿಯಲ್ಲಿ, ನಮ್ಮಲ್ಲಿ ಮನೆ ಮನೆಗೆ ಗಂಗೆ ಅಂತಾರಲ್ಲ, ಊರಿನ ಹೆಂಗಸರಿಗೇ ಪರೀಕ್ಷೆ ಮಾಡೋಕೆ ತರಬೇತಿ ಕೊಟ್ಟಿದ್ದಾರೆ. ಅದರ ಜೊತೆ ಚಿಕ್ಕ ಬಾಟ್ಲಿ ಇರತ್ತೆ, ಎಚ್‌ಟುಎಸ್ ಬಾಟ್ಲಿ ಅಂತ. ಗುರುತಿನ ತನಕ ನೀರು ತುಂಬಿಸಿ ಮುಚ್ಚಿಟ್ರೆ, ಮಲದ ಅಂಶ ಇದ್ರೆ ಒಂದೆರಡು ದಿನದಲ್ಲಿ ಕಪ್ಪಗಾಗತ್ತೆ. ಈಗ ಥಂಡಿ ಇರೋದ್ರಿಂದ ಒಲೆ ಪಕ್ಕ ಬೆಚ್ಚಗಿರೋ ಕಡೆ ಇಡಿ, ಇಲ್ಲದಿದ್ರೆ ಬಣ್ಣ ಬರೋದು ನಿಧಾನ. ಹಾಗೇ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೂ ಒಂದು ಸ್ಯಾಂಪಲ್ ಕೊಡಿ. ಬಾಟ್ಲಿ ಅವರ ಹತ್ರವೇ ಇಸ್ಕೊಳ್ಳಿ, ತಂಪು ಪಾನೀಯದ ಹಳೇ ಬಾಟ್ಲಿ ಬೇಡ, ಅವತ್ತೇ ತಲುಪಿಸಿ.

ಅರೇಬಿಕಾ ಹೂ
ರೊಬಸ್ಟಾ ಚೆರ್ರಿ ಇವತ್ತು ಮೂಟೆಗೆ ಎಷ್ಟಿದೆ ಯಾರಿಗಾದ್ರೂ ಗೊತ್ತಾ

ಕಾಳುಮೆಣಸು
ಇದು ನೀರಿನ ಚರ್ಚೆ ಮಾರಾಯ್ರೆ, ರೇಟಿಗೆ ಬೇರೆ ಕಡೆ ಕೇಳಿ.

ಅರೇಬಿಕಾ ಹೂ
ಸರಿ ಸರಿ. ನೀರಿನ ಬಗ್ಗೆನೇ ಒಂದು ಹೇಳ್ತೀನಿ, ಆರ್‌ಒ ನೀರಲ್ಲಿ ಕಾಫಿ ಮಾಡಿ ನೋಡಿ, ರುಚಿನೇ ಬಿಡಲ್ಲ. ಮನೆ ಬಾವಿ ನೀರಿನ ಕಾಫಿ ಕುಡಿದವರಿಗೆ ತಕ್ಷಣ ಗೊತ್ತಾಗತ್ತೆ.

ಬೆಂಗಳೂರಲ್ಲಿರೋ ಕೊಡಗಿನವ
ಕಾಫಿ ಮಾತು ಬಂತಲ್ಲ, ಒಂದು ಕೇಳ್ತೀನಿ. ಡಿಸೆಂಬರ್ ಜನವರಿಯಲ್ಲಿ ಊರಿಗೆ ಬಂದಾಗ ತೋಡಿನ ಹತ್ರ ಮೂಗು ಮುಚ್ಚಿಕೊಂಡೇ ಹೋಗ್ಬೇಕು. ಪಲ್ಪರ್ ನೀರು, ಅಂದ್ರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು, ನೇರ ಹೊಳೆಗೆ ಬಿಡೋದು ಇನ್ನೂ ನಿಂತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ಸೀಸನ್ನಿಗೂ ಬಿಡಬೇಡಿ ಅನ್ನತ್ತೆ, ರಾತ್ರಿ ಹೊತ್ತು ಬಿಡೋರು ಬಿಡ್ತಾರೆ. ಅದು ಕೊಳೆಯೋಕೆ ಶುರುವಾದ್ರೆ ನೀರಿನ ಆಮ್ಲಜನಕ ಎಲ್ಲ ತಿಂದು ಮೀನು ಸಾಯತ್ತೆ. ಅದೇ ಕಾವೇರಿ ತೊರೆಕಾಡನಹಳ್ಳಿಯಿಂದ ಪಂಪಾಗಿ ಬೆಂಗಳೂರಿಗೆ ಬರೋದು. 2024ರ ಅಕ್ಟೋಬರಲ್ಲಿ 5ನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರೋ ಯೋಜನೆ. ಮೇಲೆ ಇರೋ ನಾವೇ ಹೀಗೆ ಮಾಡಿದ್ರೆ?

ನಾಪೋಕ್ಲು ಗದ್ದೆ
ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗಬೇಡಿ. ನಾವು ಮೂರು ಗುಂಡಿ ತೋಡಿ ಸುಣ್ಣ ಹಾಕಿ ಇಂಗಿಸ್ತೀವಿ, ಸಿಪ್ಪೆ ಗೊಬ್ಬರಕ್ಕೆ ಹೋಗತ್ತೆ. ಬೆಂಗಳೂರಿಂದ ಬರೋ ಗಾಡಿಗಳು ಹೊಳೆ ದಡದಲ್ಲಿ ಬಿಟ್ಟು ಹೋಗೋ ಪ್ಲಾಸ್ಟಿಕ್ ಬಾಟ್ಲಿ ಬಂದು ಹೆಕ್ಕಿ.

ಬೆಂಗಳೂರಲ್ಲಿರೋ ಕೊಡಗಿನವ
ಗುಂಡಿ ಮಾಡಿದವರಿಗೆ ಕೈ ಮುಗೀತೀನಿ. ನಾನು ಹೇಳಿದ್ದು ಮಾಡದೇ ಇರೋರಿಗೆ. ಬಾಟ್ಲಿ ವಿಷಯ ಒಪ್ಪಿದೆ.

ಲೈನಿನ ಹುಡುಗ
ಎಲ್ಲ ಓದಿದೆ. ನಾನು ಹುಟ್ಟಿ ಬೆಳೆದಿದ್ದು ಸಿದ್ದಾಪುರ ಕಡೆ ಒಂದು ತೋಟದ ಲೈನ್ ಮನೇಲಿ, ಅಂದ್ರೆ ಕೆಲಸಗಾರರ ಸಾಲುಮನೇಲಿ. 14 ಮನೆಗೆ ಒಂದು ನಲ್ಲಿ. ನೀರು ಬರ್ತಿದ್ದಿದ್ದು ತೋಟದ ಕೆರೆಯಿಂದ ನೇರ, ಟ್ಯಾಂಕಿಗೆ ಮುಚ್ಚಳ ಇರಲಿಲ್ಲ. ಅದೇ ಕೆರೆಯಿಂದ ಫೆಬ್ರವರಿ ಮಾರ್ಚಲ್ಲಿ ಸ್ಪ್ರಿಂಕ್ಲರು, ಅದೇ ದಡದಲ್ಲಿ ಮೇ ತಿಂಗಳು ಡ್ರಮ್ ಇಟ್ಟು ಮೈಲುತುತ್ತ ಸುಣ್ಣ ಕಲಸಿ ಗಿಡಕ್ಕೆ ಹೊಡೆಯೋ ಬೋರ್ಡೋ ಔಷಧಿ ಮಾಡೋದು, ಡ್ರಮ್ಮು ತೊಳೆಯೋದೂ ಅಲ್ಲೇ. ನಮ್ಮಮ್ಮ ಸೀರೆ ಸೆರಗು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸ್ತಿದ್ರು. ಸೆರಗಿನ ಮೇಲೆ ನೀಲಿ ಹಸಿರು ಗುರುತು ಉಳೀತಿತ್ತು, ಒಗೆದ್ರೂ ಹೋಗ್ತಿರಲಿಲ್ಲ. ಬಂಗಲೆಗೆ ಮೇಲಿನ ಒರತೆಯಿಂದ ಬೇರೆ ಪೈಪು. ನಾನು ಏಳನೇ ಕ್ಲಾಸಲ್ಲಿದ್ದಾಗ ತಂಗಿಗೆ ಟೈಫಾಯ್ಡ್ ಬಂತು, ಅವಳ ಒಂದು ವರ್ಷ ಸ್ಕೂಲು ಹೋಯ್ತು, ಅಮ್ಮನ 22 ದಿನದ ಕೂಲಿ ಹೋಯ್ತು.

ಕೆಲಸಗಾರರಿಗೆ ಶುದ್ಧ ಕುಡಿಯೋ ನೀರು ಮಾಲೀಕರೇ ಕೊಡಬೇಕು ಅಂತ 1951ರ ಪ್ಲಾಂಟೇಷನ್ ಲೇಬರ್ ಆ್ಯಕ್ಟಲ್ಲೇ ಬರೆದಿತ್ತು. ಇಲ್ಲಿ ಆರ್‌ಒನಾ ಯುಎಫ್ಫಾ ಅಂತ ಮಾತಾಡ್ತಿದ್ದೀರಿ, ಒಳ್ಳೇದು. ಈಗ ಅಸ್ಸಾಮಿಂದ ಬಂದವರು ನಮ್ಮ ಲೈನಲ್ಲಿದ್ದಾರೆ. ಅವರು ಏನು ಕುಡೀತಿದ್ದಾರೆ ಅಂತ ಇಲ್ಲಿರೋ ತೋಟದವರು ಒಂದು ಸಲ ಹೋಗಿ ನೋಡಿ.

ದಾದಿಯಕ್ಕ
ತಮ್ಮಾ, ನೀನು ಹೇಳಿದ್ದು ಅಕ್ಷರ ಅಕ್ಷರ ನಿಜ. ವಾರ್ಡಿಗೆ ಬರೋರಲ್ಲಿ ಲೈನಿನವರೇ ಜಾಸ್ತಿ.

ಮಳೆಲೆಕ್ಕ
ನಮ್ಮ ಲೈನಲ್ಲಿ ನಾಲ್ಕು ಮನೆ ಇದೆ. ಟ್ಯಾಂಕ್ ತೊಳೆದು ಎರಡು ವರ್ಷ ಆಗಿರಬೇಕು. ನಾಳೆನೇ ನೋಡ್ತೀನಿ.

ಬಾವಿಕಟ್ಟೆ
ಬುಧವಾರದ ಕಥೆ ಹೇಳ್ತೀನಿ. ಹುಡುಗರು ಬಂದ್ರು. ಮೇಷ್ಟ್ರು ಹೇಳಿದ ಹಾಗೆ ಅವರ ಬಾಟ್ಲಿ ನೀರಿಗೆ ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿ ಅಂದೆ. ದೊಡ್ಡವನು ಬೇಡ ಮೇಡಂ ಅಂತ ಬ್ಯಾಗ್ ಮುಚ್ಚೋಕೆ ಹೋದ. ಚಿಕ್ಕವನು ಮಾಡೋಣ ಅಣ್ಣ ಅಂದ. ಎರಡೇ ನಿಮಿಷಕ್ಕೆ ಕಪ್ಪು ಹಸಿರು ಗಸಿ ಎದ್ದು ಗ್ಲಾಸಿನ ಆಚೆ ಬದಿ ಕಾಣದ ಹಾಗಾಯ್ತು. ಅತ್ತೆ ಕನ್ನಡಕ ಹಾಕ್ಕೊಂಡು ಹತ್ತಿರ ಬಗ್ಗಿ ನೋಡಿದ್ರು, ಕಡ್ಡಿ ಎತ್ತಿ ಬೆರಳಲ್ಲಿ ಮುಟ್ಟಿದ್ರು, ತುಕ್ಕು ಬೆರಳಿಗೆ ಬಂತು. "ಇದು ಇದರದ್ದೇ ಅಲ್ವಾ ಮಗಾ" ಅಂದ್ರು. ಚಿಕ್ಕ ಹುಡುಗ ನಮಗೆ ಟ್ರೈನಿಂಗಲ್ಲಿ ಹೀಗೇ ಮಾಡಿ ಅಂತ ಹೇಳಿಕೊಟ್ಟಿದ್ದು ಅಂದ, ಪಾಪ ಅವನ ಮುಖ ನೋಡೋಕಾಗಲಿಲ್ಲ. ಕಾಫಿ ಕೊಟ್ಟು ಕಳಿಸಿದ್ವಿ.

ಸ್ಯಾಂಪಲ್ ಕೊಟ್ಟಿದ್ದೀನಿ. ಎಚ್‌ಟುಎಸ್ ಬಾಟ್ಲಿ ಒಲೆ ಪಕ್ಕ ಇಟ್ಟಿದ್ದೀನಿ.

ಬಾವಿಕಟ್ಟೆ
ಎರಡನೇ ದಿನ ಬೆಳಿಗ್ಗೆ ಬಾಟ್ಲಿ ಇದ್ದಿಲ ತರ ಕಪ್ಪಗಾಗಿದೆ. ಕೈ ಕಾಲು ಆಡ್ತಿಲ್ಲ.

ಪಿಯುಸಿ ಮೇಷ್ಟ್ರು
ಹೆದರಬೇಡಿ. ಇವತ್ತಿಂದ ಕುಡಿಯೋ ನೀರು ಪೂರ್ತಿ ಕುದಿಸಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ರೆ ಸಾಕು. ಮಡಿಕೇರಿ ಎತ್ತರದಲ್ಲಿ ನೀರು 96 ಡಿಗ್ರಿ ಆಸುಪಾಸಲ್ಲೇ ಕುದಿಯತ್ತೆ, ಆದ್ರೂ ರೋಗಾಣು ಸಾಯೋಕೆ ಅದು ಧಾರಾಳ.

ದಾದಿಯಕ್ಕ
ಕುದಿಸಿದ್ದನ್ನ ಅದೇ ಪಾತ್ರೇಲಿ ಮುಚ್ಚಿ ಆರಿಸಿ. ಚೆಂಬು ಅದ್ದಿ ತೆಗೀಬೇಡಿ, ನಲ್ಲಿ ಇರೋ ಸ್ಟೀಲ್ ಡಬ್ಬ ತಗೊಳ್ಳಿ. ಮತ್ತೆ ನಮ್ಮ ಕಡೆ ಮದುವೆ ಮನೆ, ಹೋಟೆಲಲ್ಲೆಲ್ಲ ಒಂದು ಅಭ್ಯಾಸ ಇದೆ, ಸುಡೋ ನೀರಿಗೆ ತಣ್ಣೀರು ಬೆರೆಸಿ ಬೆಚ್ಚಗೆ ಮಾಡಿ ಕೊಡೋದು. ಕುದಿಸಿದ್ದು ಅಲ್ಲಿಗೆ ವ್ಯರ್ಥ. ಮಗು ಹಲ್ಲುಜ್ಜೋಕೂ ಕುದಿಸಿದ ನೀರೇ ಕೊಡಿ. ಬೇಧಿ ಆದ್ರೆ ತಡಮಾಡದೆ ಓಆರ್‌ಎಸ್.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಬಾವಿ ಅಗಲ ಎಷ್ಟು, ನೀರು ಎಷ್ಟು ಆಳ?

ಬಾವಿಕಟ್ಟೆ
ಅಗಲ 2 ಮೀಟರ್, ಇವತ್ತು ಹಗ್ಗ ಬಿಟ್ಟು ಅಳೆದ್ವಿ, ನೀರು 4 ಮೀಟರ್ ಇದೆ.

ದಾದಿಯಕ್ಕ
ಅಗಲದ ವರ್ಗ 4, ಅದನ್ನ ಆಳ 4ರಿಂದ, ಮತ್ತೆ 3.14ರಿಂದ ಗುಣಿಸಿ, 4ರಿಂದ ಭಾಗಿಸಿದ್ರೆ 12.56, ಅಂದ್ರೆ ಸುಮಾರು 12,560 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 31 ಗ್ರಾಂ. ಪೌಡರ್ ಹೊಸದಿರ್ಬೇಕು, ಬಾಯಿ ತೆರೆದಿಟ್ಟ ಹಳೇ ಪ್ಯಾಕೆಟಲ್ಲಿ ಸತ್ವ ಹೋಗಿರತ್ತೆ. ನೇರ ಬಾವಿಗೆ ಎರಚಬೇಡಿ. ಪ್ಲಾಸ್ಟಿಕ್ ಬಕೆಟ್ಟಲ್ಲಿ ಸ್ವಲ್ಪ ನೀರಿಗೆ ಗಂಜಿ ತರ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರತ್ತೆ, ಮೇಲಿನ ತಿಳಿ ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿ ಕಲಕಿ. ರಾತ್ರಿ ಹಾಕಿದ್ರೆ ಬೆಳಿಗ್ಗೆ ಬಳಸಬಹುದು, ಕಡಿಮೆ ಅಂದ್ರೂ ಒಂದು ಗಂಟೆ ಮುಟ್ಟಬೇಡಿ. ಜುಲೈಯಲ್ಲಿ ನೀರು ಮೇಲೆ ಬಂದಾಗ ಮತ್ತೆ ಅಳೆದು ಲೆಕ್ಕ ಹಾಕಿ.

ಕಾಳುಮೆಣಸು
ನಾವು ಇಷ್ಟು ವರ್ಷ ಅಂದಾಜಿಗೆ ಎರಡು ಹಿಡಿ ಎಸೀತಿದ್ವಿ. ವಾಸನೆಗೆ ಯಾರೂ ಕುಡೀತಿರಲಿಲ್ಲ.

ಫಿಲ್ಟರ್ ರಿಪೇರಿ
ಪೌಡರ್ ಹಾಕಿದ್ರೆ ಮುಗೀಲಿಲ್ಲ ಅಕ್ಕ, ಕೊಳೆ ಎಲ್ಲಿಂದ ಇಳೀತಿದೆ ಹುಡುಕಿ. ಬಾವಿಯಿಂದ ಶೌಚದ ಗುಂಡಿ ಎಷ್ಟು ದೂರ? 15 ಮೀಟರ್, ಅಂದ್ರೆ 50 ಅಡಿ ಆದ್ರೂ ಇರ್ಬೇಕು, ಅದೂ ಬಾವಿಗಿಂತ ತಗ್ಗಲ್ಲಿ.

ಬಾವಿಕಟ್ಟೆ
(ಮೂರು ವಾರ ಆದ ಮೇಲೆ) ಲ್ಯಾಬ್ ರಿಪೋರ್ಟ್ ಬಂತು. ಟಿಡಿಎಸ್ 42, ಪಿಎಚ್ 6.1, ನೈಟ್ರೇಟ್ ಮಿತಿಯೊಳಗೆ, ಇ ಕೋಲೈ, ಅಂದ್ರೆ ಮಲದಿಂದ ಬರೋ ಬ್ಯಾಕ್ಟೀರಿಯಾ, ಇದೆ ಅಂತ ಬಂದಿದೆ. ನೂರು ಮಿಲಿಲೀಟರ್ ನೀರಲ್ಲಿ ಒಂದೂ ಇರಬಾರದಂತೆ.

ಗುಂಡಿ ಅಳೆದ್ವಿ. ನಮ್ಮದು 60 ಅಡಿ ದೂರ, ತಗ್ಗಲ್ಲೇ ಇದೆ. ಆದ್ರೆ ಬಾವಿ ಮೇಲಿನ ದಿಣ್ಣೇಲಿ ಕೆಲಸದವರಿಗೆ ಅಂತ ನಾವೇ ಎಂಟು ವರ್ಷದ ಹಿಂದೆ ಕಟ್ಟಿಸಿದ ಕಕ್ಕಸು, ಅದರ ಗುಂಡಿ 26 ಅಡಿ. ಆಗ ಮೇಸ್ತ್ರಿ ಜಾಗ ತೋರಿಸಿದ್ದ, ಯಾರೂ ಯೋಚನೆ ಮಾಡಲಿಲ್ಲ. 2018ರ ಆಗಸ್ಟಿನ ಮಳೇಲಿ ಆ ದಿಣ್ಣೆ ಸ್ವಲ್ಪ ಜರುಗಿ ಬಾವಿಯ ಒಂದು ಕಡೆ ಕಲ್ಲು ಸಡಿಲ ಆಗಿತ್ತು, ಹಾಗೇ ಬಿಟ್ಟಿದ್ವಿ. ಈಗ ಮಳೆ ಬಂದ ಮರುದಿನ ಆ ಕಲ್ಲಿನ ಸಂದಿಯಿಂದ ಒಂದು ಬೆರಳು ದಪ್ಪ ನೀರು ಜಿನುಗೋದು ಕಾಣತ್ತೆ. ಇವರು ಟಾರ್ಚ್ ಬಿಟ್ಟು ತೋರಿಸಿದ್ರು. ಇಷ್ಟು ವರ್ಷ ಅದನ್ನ ಒರತೆ ಅಂದ್ಕೊಂಡಿದ್ವಿ.

ಮಳೆಲೆಕ್ಕ
ಅಯ್ಯೋ ದೇವರೇ.

ಪಿಯುಸಿ ಮೇಷ್ಟ್ರು
ಪಿಎಚ್ 6.5ರಿಂದ 8.5 ಇರ್ಬೇಕು, ನಿಮ್ಮದು ಸ್ವಲ್ಪ ಹುಳಿ. ಕೆಂಪು ಮಣ್ಣಿನ ಮಳೆ ಸೀಮೇಲಿ ಇದು ಸಾಮಾನ್ಯ. ಅದಕ್ಕೇ ಹಳೇ ಜಿಐ, ಅಂದ್ರೆ ಸತು ಲೇಪದ ಕಬ್ಬಿಣದ ಪೈಪನ್ನ ಬೇಗ ತಿನ್ನತ್ತೆ, ಬೆಳಿಗ್ಗೆ ಮೊದಲ ನೀರು ಕೆಂಪಗೆ ಬರತ್ತೆ. ಇಂಥ ನೀರಿಗೆ ಆರ್‌ಒ ಹಾಕಿದ್ರೆ ಪಿಎಚ್ ಇನ್ನೂ ಇಳಿಯತ್ತೆ.

ಹೋಂಸ್ಟೇಮನೆ
ಇದೆಲ್ಲ ಓದಿದ ಮೇಲೆ ನಮ್ಮ ಆರ್‌ಒಗೆ ಬರೋ ನೀರಿನ ಟಿಡಿಎಸ್ ನೋಡಿಸಿದೆ, 55. ಹಾಕ್ಸಿಬಿಡಿ ಅಂತ ಮೊದಲು ಹೇಳಿದ್ದು ತಪ್ಪಾಯ್ತು, ವಾಪಸ್ ತಗೊಂಡೆ. ನಮ್ಮ ಬಾವಿಗೂ ಬಾಟ್ಲಿ ಟೆಸ್ಟ್ ಮಾಡಿಸ್ತೀನಿ, ಗೆಸ್ಟಿಗೆ ಅದೇ ನೀರಲ್ಲವಾ ಅಡುಗೆ, ಸ್ನಾನ ಎಲ್ಲ.

ಬಾವಿಕಟ್ಟೆ
ಆ ಗುಂಡಿ ಈಗ ಬಳಸ್ತಿಲ್ಲ, ಬೀಗ ಹಾಕಿದ್ದೀವಿ. ಕೆಲಸದವರು ನಮ್ಮ ಮನೆಯ ಹೊರಗಿನದ್ದೇ ಬಳಸ್ತಾರೆ. ಮಳೆ ನಿಂತ ಮೇಲೆ ತಗ್ಗಲ್ಲಿ ಹೊಸದು ಕಟ್ಟಿಸಿ ಹಳೇದು ಖಾಲಿ ಮಾಡಿ ಮುಚ್ಚೋದು, ಬಾವಿ ನೀರು ಇಳಿದಾಗ ಕಲ್ಲು ಸಂದಿ ಸಿಮೆಂಟ್ ಹಾಕಿಸೋದು, ಸುತ್ತ ಕಟ್ಟೆ ಮೂರು ಅಡಿ ಎತ್ತರಿಸಿ ಮೇಲೆ ಬಲೆ. ಮೇಸ್ತ್ರಿ ಲೆಕ್ಕ ಕೊಟ್ಟಿದ್ದಾನೆ, ಆರ್‌ಒ ದುಡ್ಡಿಗಿಂತ ಜಾಸ್ತಿನೇ ಆಗತ್ತೆ, ಆದ್ರೂ ಇದಕ್ಕೇ ಹಾಕ್ತೀವಿ. ಕರೆಂಟ್ ಬೇಡದ ಯುಎಫ್ ಒಂದು ತಗೊಂಡ್ವಿ. ಅಲ್ಲಿವರೆಗೆ ಮೂರು ಹೊತ್ತೂ ಕುದಿಸೋ ಜವಾಬ್ದಾರಿ ಅತ್ತೆದು, ನನ್ನನ್ನ ಒಲೆ ಹತ್ರ ಬಿಡ್ತಿಲ್ಲ. ಮಗನಿಗೆ ಈ ಸಲ ಇನ್ನೂ ಏನೂ ಆಗಿಲ್ಲ.

ಮಳೆಲೆಕ್ಕ
ನಮ್ಮ ಲೈನ್ ಟ್ಯಾಂಕ್ ತೊಳೆಸಿದೆ. ತಳದಲ್ಲಿ ಒಂದು ಗೇಣು ಕೆಸರು, ಸತ್ತ ಕಪ್ಪೆ. ಮುಚ್ಚಳ ಹಾಕಿಸಿ, ನಮ್ಮ ಮನೆ ಪೈಪಿಂದಲೇ ಕವಲು ಎಳೆದು ಕೊಟ್ಟೆ. ಇವತ್ತು ಬೆಳಿಗ್ಗೆ ತನಕ 4.2 ಇಂಚು ಮಳೆ.

ಲೈನಿನ ಹುಡುಗ
ಒಳ್ಳೇದಾಯ್ತು ಸರ್. ಬಾವಿಕಟ್ಟೆ ಅಕ್ಕ, ಆ ಕಪ್ಪಾಗೋ ಬಾಟ್ಲಿ ನಿಮ್ಮ ಹತ್ರ ಇನ್ನೂ ಇದ್ಯಾ? ಭಾನುವಾರ ನಮ್ಮ ಹಳೇ ಲೈನಿಗೆ ಹೋಗ್ತಿದ್ದೀನಿ. ಬಾಯಲ್ಲಿ ಹೇಳಿದ್ರೆ ತೋಟದ ರೈಟರ್, ಅಂದ್ರೆ ಗುಮಾಸ್ತ, ಕೇಳಲ್ಲ, ತೋರಿಸ್ಬೇಕು.

ಬಾವಿಕಟ್ಟೆ
ಮೂರು ಇದೆ ತಮ್ಮಾ. ಶನಿವಾರ ಸುಂಟಿಕೊಪ್ಪ ಬಸ್ ಸ್ಟ್ಯಾಂಡಿಗೆ ಬಾ, ತಂದುಕೊಡ್ತೀನಿ. ತುಂಬಿಸಿದ ಮೇಲೆ ಬೆಚ್ಚಗೆ ಇಡೋದು ಮರೀಬೇಡ.